ಸರಪಳಿಯ ಕೊಂಡಿಗಳಂಥ ಅಣುಗಳು



ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂದು ನೋಡುವ ಒಂದು ಹಳೆಯ ಪರೀಕ್ಷೆಯಿಂದ ಇಂದಿನ ಮಾತನ್ನು ಆರಂಭಿಸೋಣ. ಜಿರ್ಕೋನಿಯಂ ಎಂಬ ಲೋಹದ ಲವಣವನ್ನು ಅಲಿಜರಿನ್ ಎಂಬ ಬಣ್ಣದ ವಸ್ತುವಿನೊಡನೆ ಬೆರೆಸಿದರೆ ಕೆಂಪು ಬಣ್ಣದ ಸಂಯುಕ್ತ ಸಿಗುತ್ತದೆ. ಫ್ಲೋರೈಡ್ ಇರುವ ನೀರನ್ನು ಇದಕ್ಕೆ ಸೇರಿಸಿದರೆ ಕೆಂಪು ಮಾಸಿ ಹಳದಿಯ ಕಡೆಗೆ ತಿರುಗುತ್ತದೆ. ಅಲಿಜರಿನ್ ಹಿಡಿದುಕೊಂಡಿದ್ದ ಜಿರ್ಕೋನಿಯಮ್ಮನ್ನು ಫ್ಲೋರೈಡ್ ಬಂದು ಕಸಿದುಕೊಳ್ಳುವುದೇ ಇದಕ್ಕೆ ಕಾರಣ. ಬಣ್ಣ ಎಷ್ಟು ಮಾಸಿತು ಎಂಬುದನ್ನು ನೋಡಿ ಫ್ಲೋರೈಡ್ ಎಷ್ಟಿದೆ ಎಂದು ಅಂದಾಜು ಮಾಡಬಹುದು.

ಕೋಲಾರ, ಪಾವಗಡದಂಥ ಕಡೆಗಳಲ್ಲಿ ಆಳವಾದ ಕೊಳವೆ ಬಾವಿಯ ನೀರು ಕುಡಿದವರಿಗೆ ಫ್ಲೋರೈಡ್ ಎಂಬ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಹಲ್ಲಿನ ಮೇಲಿನ ಕಂದು ಕಲೆಗಳು ಅದರ ಗುರುತು. ಹೆಚ್ಚು ಪ್ರಮಾಣ ಹಲವು ವರ್ಷ ದೇಹಕ್ಕೆ ಸೇರಿದರೆ ಮೂಳೆ, ಕೀಲುಗಳೂ ಕೆಡುತ್ತವೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಹತ್ತು ಲಕ್ಷ ಪಾಲು ನೀರಿನಲ್ಲಿ ಒಂದು ಪಾಲು ಎಂದರೆ ಇದು ಎಷ್ಟು ಸಣ್ಣ ಪ್ರಮಾಣ ಎಂಬುದನ್ನು ಊಹಿಸಿಕೊಳ್ಳಿ. ಅದೇ ಮಾನದಂಡ ನೈಟ್ರೇಟಿಗೆ 45, ಸಲ್ಫೇಟಿಗೆ 200, ಕ್ಲೋರೈಡಿಗೆ 250 ಮಿಲಿಗ್ರಾಂವರೆಗೆ ಒಪ್ಪಿಗೆ ಕೊಡುತ್ತದೆ. ಅಂದರೆ ನಾವು ಹುಡುಕುವ ಒಬ್ಬನ ಸುತ್ತ ಅವನ ನೂರಾರು ನೆಂಟರು ಗುಂಪುಗೂಡಿರುತ್ತಾರೆ.

ನಮ್ಮ ಹಳೆಯ ಪರೀಕ್ಷೆ ಎಡವುವುದು ಇಲ್ಲಿಯೇ. ನೀರಿನಲ್ಲಿ ಸಲ್ಫೇಟ್ ಅಥವಾ ಫಾಸ್ಫೇಟ್ ಹೆಚ್ಚಾಗಿದ್ದರೆ ಅವೂ ಜಿರ್ಕೋನಿಯಮ್ಮನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಆಗಲೂ ಕೆಂಪು ಮಾಸುತ್ತದೆ. ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ತಾನೇ ಹಿಡಿದಿಟ್ಟುಕೊಂಡು ಪರೀಕ್ಷೆಯ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಬಣ್ಣ ಬದಲಾಯಿತು ಎಂದು ನಾಳ ಹೇಳುತ್ತದೆ, ಬದಲಾಯಿಸಿದವರು ಯಾರು ಎಂದು ಹೇಳುವುದಿಲ್ಲ. ಇಂಥ ತಪ್ಪು ಒಂದು ಕಡೆ ಒಳ್ಳೆಯ ಬಾವಿಯನ್ನು ಮುಚ್ಚಿಸಬಹುದು. ಇನ್ನೊಂದು ಕಡೆ ಕೆಟ್ಟ ನೀರನ್ನು ಮಕ್ಕಳಿಗೆ ಕುಡಿಸಬಹುದು.

ಆದ್ದರಿಂದ ರಸಾಯನ ವಿಜ್ಞಾನಿಗಳ ಮುಂದೆ ಬಹುಕಾಲದಿಂದ ಒಂದು ಪ್ರಶ್ನೆ ಇದೆ. ಗುಂಪಿನಲ್ಲಿ ಒಂದೇ ಒಂದು ಬಗೆಯ ಅಯಾನನ್ನು ಗುರುತಿಸಿ ಹಿಡಿಯುವ, ಹಿಡಿದೆ ಎಂದು ನಮಗೆ ತಿಳಿಸುವ ಅಣುವನ್ನು ಕಟ್ಟಬಹುದೇ? ಈ ಪ್ರಶ್ನೆಗೆ ಸಿಕ್ಕ ಒಂದು ಸೊಗಸಾದ ಉತ್ತರವನ್ನು ನಿಮಗೆ ಪರಿಚಯ ಮಾಡಿಕೊಡುವುದು ಈ ಭಾಷಣದ ಉದ್ದೇಶ.

ಅಯಾನು ಎಂದರೇನು ಎಂಬುದು ನಿಮಗೆ ಗೊತ್ತೇ ಇದೆ. ಪರಮಾಣು ಅಥವಾ ಪರಮಾಣುಗಳ ಗುಂಪು ಎಲೆಕ್ಟ್ರಾನನ್ನು ಕಳೆದುಕೊಂಡರೆ ಧನ ಅಯಾನು, ಪಡೆದುಕೊಂಡರೆ ಋಣ ಅಯಾನು. ಅಡುಗೆ ಉಪ್ಪನ್ನು ನೀರಿನಲ್ಲಿ ಕರಗಿಸಿದಾಗ ಸೋಡಿಯಂ ಧನ ಅಯಾನಾಗಿಯೂ ಕ್ಲೋರೈಡ್ ಋಣ ಅಯಾನಾಗಿಯೂ ಬೇರೆ ಬೇರೆಯಾಗಿ ತಿರುಗಾಡುತ್ತವೆ. ಇಂಥ ಅಯಾನನ್ನು ತನ್ನೊಳಗೆ ಬರಮಾಡಿಕೊಳ್ಳುವ ಅಣುವಿಗೆ ಗ್ರಾಹಕ ಅಣು ಎಂದು ಹೆಸರು. ಇಲ್ಲಿ ಗ್ರಾಹಕ ಎಂದರೆ ಅಂಗಡಿಗೆ ಬರುವ ಗಿರಾಕಿ ಅಲ್ಲ, ಗ್ರಹಿಸುವವನು, ಹಿಡಿದುಕೊಳ್ಳುವವನು.

ಮನುಷ್ಯ ಕಟ್ಟಿದ ಗ್ರಾಹಕ ಅಣುಗಳ ಕಥೆ ಒಂದು ಆಕಸ್ಮಿಕದಿಂದ ಶುರುವಾಯಿತು. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಪೆಡರ್ಸನ್ ಬೇರೇನನ್ನೋ ತಯಾರಿಸಲು ಹೊರಟಿದ್ದಾಗ ಬೇಡದ ಬಿಳಿಯ ಹರಳು ಅತ್ಯಲ್ಪ ಪ್ರಮಾಣದಲ್ಲಿ ಸಿಕ್ಕಿತು. ಅವರು ಅದನ್ನು ಚೆಲ್ಲಲಿಲ್ಲ, ಪರೀಕ್ಷಿಸಿದರು. ಅದು ಬಳೆಯ ಆಕಾರದ ಅಣು. ಬಳೆಯ ಒಳ ಅಂಚಿನಲ್ಲಿ ಆಮ್ಲಜನಕದ ಆರು ಪರಮಾಣುಗಳು. ನಡುವಿನ ಜಾಗಕ್ಕೆ ಪೊಟ್ಯಾಸಿಯಂ ಅಯಾನು ಅಳತೆ ತೆಗೆದು ಮಾಡಿಸಿದಂತೆ ಕೂರುತ್ತಿತ್ತು. 1967ರಲ್ಲಿ ಈ ಬಗೆಯ ಅನೇಕ ಅಣುಗಳ ವಿವರವನ್ನು ಅವರು ಪ್ರಕಟಿಸಿದರು. ಕಿರೀಟದಂತೆ ಕಾಣುತ್ತವೆಂದು ಅವಕ್ಕೆ ಕ್ರೌನ್ ಈಥರ್ ಎಂದು ಹೆಸರಿಟ್ಟರು. ಪೆಡರ್ಸನ್ ಅವರಿಗೆ ಡಾಕ್ಟರೇಟ್ ಪದವಿ ಇರಲಿಲ್ಲ. 1987ರ ನೊಬೆಲ್ ಪ್ರಶಸ್ತಿಯನ್ನು ಅವರು ಡೊನಾಲ್ಡ್ ಕ್ರಾಮ್ ಮತ್ತು ಜಾನ್-ಮಾರಿ ಲೆನ್ ಅವರೊಡನೆ ಹಂಚಿಕೊಂಡರು.

ಧನ ಅಯಾನುಗಳ ವಿಷಯ ಹೀಗೆ ಒಂದು ದಾರಿಗೆ ಬಂತು. ಋಣ ಅಯಾನುಗಳು ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಗಲಿಲ್ಲ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಗಾತ್ರ. ಪೊಟ್ಯಾಸಿಯಂ ಅಯಾನಿನಲ್ಲಿಯೂ ಕ್ಲೋರೈಡ್ ಅಯಾನಿನಲ್ಲಿಯೂ ಇರುವುದು ಹದಿನೆಂಟೇ ಎಲೆಕ್ಟ್ರಾನುಗಳು. ಆದರೆ ಪೊಟ್ಯಾಸಿಯಂ ಅಯಾನಿನ ತ್ರಿಜ್ಯ ಸುಮಾರು 1.38 ಆಂಗ್‌ಸ್ಟ್ರಾಂ, ಕ್ಲೋರೈಡಿನದು ಸುಮಾರು 1.81. ಒಂದು ಆಂಗ್‌ಸ್ಟ್ರಾಂ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ದೊಡ್ಡ ಅಯಾನಿನ ಮೇಲೆ ವಿದ್ಯುದಂಶ ಹರಡಿಕೊಂಡಿರುವುದರಿಂದ ಅದನ್ನು ಬಿಗಿಯಾಗಿ ಹಿಡಿಯುವುದು ಕಷ್ಟ. ಎರಡನೆಯದು ಆಕಾರ. ಕ್ಲೋರೈಡ್ ಗೋಲಿಯಂತೆ ಉರುಟು. ನೈಟ್ರೇಟ್ ಚಪ್ಪಟೆಯಾದ ತ್ರಿಕೋನ. ಸಲ್ಫೇಟ್ ಮತ್ತು ಫಾಸ್ಫೇಟ್ ನಾಲ್ಕು ಮೂಲೆಯ ಚತುರ್ಮುಖಿಗಳು. ಪ್ರತಿಯೊಂದಕ್ಕೂ ಬೇರೆ ಬೇರೆ ಗೂಡು ಬೇಕು. ಮೂರನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ನೀರು. ನೀರಿನ ಅಣುಗಳು ಅಯಾನನ್ನು ಎಲ್ಲ ಕಡೆಯಿಂದ ಮುತ್ತಿಕೊಂಡಿರುತ್ತವೆ. ಆ ಮುತ್ತಿಗೆಯನ್ನು ಬಿಡಿಸಿ ಅಯಾನನ್ನು ಹೊರತರುವಷ್ಟು ಶಕ್ತಿ ಗ್ರಾಹಕ ಅಣುವಿಗೆ ಇರಬೇಕು.

ಪ್ರಕೃತಿ ಈ ಕೆಲಸವನ್ನು ಹೇಗೆ ಮಾಡುತ್ತದೆ? ಕೆಲವು ಬ್ಯಾಕ್ಟೀರಿಯಗಳಲ್ಲಿ ಫಾಸ್ಫೇಟನ್ನು ಹಿಡಿಯುವ ಒಂದು ಪ್ರೋಟೀನು ಇದೆ. ಅದರ ರಚನೆಯನ್ನು ಪರಿಶೀಲಿಸಿದವರು ಕಂಡದ್ದು ಇದು: ಪ್ರೋಟೀನಿನ ಎರಡು ಭಾಗಗಳು ಸಂಪುಟದ ಎರಡು ಹೋಳಿನಂತೆ ಮುಚ್ಚಿಕೊಳ್ಳುತ್ತವೆ. ಫಾಸ್ಫೇಟ್ ಒಳಗೆ ಹುದುಗಿ ಹೋಗುತ್ತದೆ. ಅಲ್ಲಿ ನೀರಿಗೆ ಪ್ರವೇಶವಿಲ್ಲ. ಹನ್ನೆರಡು ಹೈಡ್ರೋಜನ್ ಬಂಧಗಳು ಅದನ್ನು ಎಲ್ಲ ದಿಕ್ಕಿನಿಂದಲೂ ಹಿಡಿದಿರುತ್ತವೆ. ರೂಪದಲ್ಲಿ ಅವಳಿಯಂತಿರುವ ಸಲ್ಫೇಟ್ ಬಂದರೆ ಈ ಗೂಡು ಅದನ್ನು ಸೇರಿಸುವುದಿಲ್ಲ. ಪಾಠ ಸ್ಪಷ್ಟವಾಗಿದೆ. ಅಯಾನನ್ನು ಒಂದು ಪಕ್ಕದಿಂದ ಹಿಡಿದರೆ ಸಾಲದು. ಅದನ್ನು ಸುತ್ತುವರಿಯಬೇಕು, ನೀರಿನಿಂದ ಮರೆಮಾಡಬೇಕು. ಗೂಡು ಅಯಾನಿಗೆ ಸರಿಯಾಗಿರಬೇಕು, ಅದೇ ಹೊತ್ತಿಗೆ ತೆರೆದು ಮುಚ್ಚುವಷ್ಟು ಸಡಿಲವೂ ಇರಬೇಕು.

ಪ್ರೋಟೀನು ಸಾವಿರಾರು ಪರಮಾಣುಗಳ ಬೃಹತ್ ರಚನೆ. ಪ್ರಯೋಗಶಾಲೆಯಲ್ಲಿ ಚಿಕ್ಕ ಅಣುವಿನಿಂದಲೇ ಇಂಥ ಗೂಡನ್ನು ಮಾಡುವುದು ಹೇಗೆ? ಒಂದಕ್ಕೊಂದು ಕೊಂಡಿ ಹಾಕಿಕೊಂಡ ಅಣುಗಳು ನೆರವಿಗೆ ಬಂದದ್ದು ಇಲ್ಲಿ.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ಕಾಗದದ ಎರಡು ಉದ್ದನೆಯ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಒಂದನ್ನು ಬಳೆಯಂತೆ ಬಗ್ಗಿಸಿ ತುದಿಗಳನ್ನು ಅಂಟಿಸಿ. ಎರಡನೆಯದನ್ನು ಆ ಬಳೆಯೊಳಗೆ ತೂರಿಸಿ, ಆಮೇಲೆ ಅದರ ತುದಿಗಳನ್ನೂ ಅಂಟಿಸಿ. ಈಗ ಎರಡು ಬಳೆಗಳೂ ಸರಪಳಿಯ ಕೊಂಡಿಗಳಂತೆ ಸೇರಿಕೊಂಡಿವೆ. ಗಮನಿಸಿ, ಒಂದು ಬಳೆಗೂ ಇನ್ನೊಂದಕ್ಕೂ ನಡುವೆ ಎಲ್ಲಿಯೂ ಅಂಟು ಇಲ್ಲ. ಒಂದನ್ನು ಇನ್ನೊಂದರೊಳಗೆ ತಿರುಗಿಸಬಹುದು, ಸರಿಸಬಹುದು. ಆದರೂ ಯಾವುದಾದರೂ ಒಂದನ್ನು ಹರಿಯದೆ ಅವನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಅಣುಗಳಲ್ಲಿ ಇಂಥ ಜೋಡಣೆಗೆ ಕ್ಯಾಟಿನೇನ್ ಎಂದು ಹೆಸರು. ಸರಪಳಿಗೆ ಲ್ಯಾಟಿನ್ ಭಾಷೆಯಲ್ಲಿ ಕ್ಯಾಟೀನ ಎನ್ನುತ್ತಾರೆ.

ಇದರ ಸೋದರ ಇನ್ನೊಂದಿದೆ. ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳಿ. ಚಕ್ರ ಅಚ್ಚಿನ ಮೇಲೆ ಸಲೀಸಾಗಿ ತಿರುಗುತ್ತದೆ. ಆದರೆ ಕಳಚಿ ಬೀಳುವುದಿಲ್ಲ, ಏಕೆಂದರೆ ಅಚ್ಚಿನ ತುದಿಯಲ್ಲಿ ಕಡೆಗೀಲು ಇದೆ. ಉದ್ದನೆಯ ದಂಡದಂಥ ಒಂದು ಅಣು, ಅದನ್ನು ಸುತ್ತಿಕೊಂಡ ಬಳೆಯಂಥ ಒಂದು ಅಣು, ಬಳೆ ಜಾರಿ ಹೋಗದಂತೆ ದಂಡದ ಎರಡು ತುದಿಗಳಲ್ಲಿ ಕಡೆಗೀಲಿನಂತೆ ಎರಡು ದಪ್ಪ ಗುಂಪುಗಳು, ಇಷ್ಟು ಸೇರಿದರೆ ಅದು ರೋಟಾಕ್ಸೇನ್. ಚಕ್ರ ಮತ್ತು ಅಚ್ಚು ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳಿಂದ ಈ ಹೆಸರು ಬಂದಿದೆ. ಕ್ಯಾಟಿನೇನ್ ಮತ್ತು ರೋಟಾಕ್ಸೇನುಗಳಲ್ಲಿ ಭಾಗಗಳನ್ನು ಒಟ್ಟಿಗೆ ಇಟ್ಟಿರುವ ಈ ಬಗೆಯ ಹಿಡಿತವನ್ನು ಯಾಂತ್ರಿಕ ಬಂಧ ಎಂದು ಕರೆಯುತ್ತಾರೆ.

ಕಾಗದದಲ್ಲಿ ಎರಡು ನಿಮಿಷದ ಕೆಲಸ ಅಣುವಿನಲ್ಲಿ ಹಲವು ವರ್ಷಗಳದಾಯಿತು. ಅಣುವನ್ನು ಬೆರಳಿನಿಂದ ಹಿಡಿದು ತೂರಿಸುವಂತಿಲ್ಲವಲ್ಲ! 1960ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಡೆಲ್ ವಾಸ್ಸರ್‌ಮನ್ ಮೊದಲ ಕ್ಯಾಟಿನೇನನ್ನು ತಯಾರಿಸಿದರು. ಅವರ ವಿಧಾನ ಅದೃಷ್ಟವನ್ನು ನಂಬಿದ್ದು. ಬಳೆಗಳ ನಡುವೆ ಉದ್ದನೆಯ ದಾರಗಳನ್ನು ಬಿಟ್ಟು ತುದಿಗಳು ಕೂಡಿಕೊಳ್ಳುವಂತೆ ಮಾಡಿದರೆ, ಕೂಡಿಕೊಳ್ಳುವ ಹೊತ್ತಿಗೆ ಯಾವುದೋ ಒಂದು ದಾರ ಯಾವುದೋ ಬಳೆಯೊಳಗೆ ತೂರಿಕೊಂಡಿರಬಹುದು ಎಂಬ ನಿರೀಕ್ಷೆ. ಇಳುವರಿ ಶೇಕಡಾ ಒಂದಕ್ಕಿಂತಲೂ ಕಡಿಮೆ. 1967ರಲ್ಲಿ ಹ್ಯಾರಿಸನ್ ದಂಪತಿಗಳು ಮೊದಲ ರೋಟಾಕ್ಸೇನುಗಳಲ್ಲೊಂದನ್ನು ತಯಾರಿಸಿದಾಗ ಅದೇ ಕ್ರಿಯೆಯನ್ನು ಎಪ್ಪತ್ತು ಸಲ ಮಾಡಿದ ಮೇಲೆ ಸಿಕ್ಕ ಇಳುವರಿ ಶೇಕಡಾ 6. ಇಷ್ಟು ಕಡಿಮೆ ವಸ್ತುವನ್ನಿಟ್ಟುಕೊಂಡು ಅದರ ಗುಣಗಳನ್ನು ಅಭ್ಯಾಸ ಮಾಡುವುದು ಎಲ್ಲಿಂದ ಬಂತು?

ಹೊಸ ದಾರಿ ತೆರೆದದ್ದು 1983ರಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ. ಜಾನ್-ಪಿಯೆರ್ ಸೊವಾಜ್ ಮತ್ತು ಅವರ ಸಂಗಡಿಗರು ತಾಮ್ರದ ಅಯಾನಿನ ಸಹಾಯ ಪಡೆದರು. ಒಂದು ಧನ ವಿದ್ಯುದಂಶವಿರುವ ತಾಮ್ರದ ಅಯಾನಿಗೆ ತನ್ನ ಸುತ್ತ ನಾಲ್ಕು ಕೈಗಳು ಚತುರ್ಮುಖಿಯ ಆಕಾರದಲ್ಲಿ ಹಿಡಿದುಕೊಳ್ಳುವುದು ಇಷ್ಟ. ಬಳೆಯಂಥ ಅಣುವಿನಲ್ಲಿ ಸಾರಜನಕದ ಎರಡು ಪರಮಾಣುಗಳು ಎರಡು ಕೈಗಳಾದವು. ಅರ್ಧಚಂದ್ರದಂಥ ಇನ್ನೊಂದು ಅಣುವಿನಲ್ಲಿ ಮತ್ತೆರಡು. ತಾಮ್ರ ನಡುವೆ ಬಂದಾಗ ಅರ್ಧಚಂದ್ರ ತಾನಾಗಿಯೇ ಬಳೆಯೊಳಗೆ ತೂರಿಕೊಂಡು ಅಡ್ಡಲಾಗಿ ನಿಂತಿತು. ಇನ್ನು ಉಳಿದದ್ದು ಅದರ ಎರಡು ತುದಿಗಳನ್ನು ಮತ್ತೊಂದು ತುಂಡಿನಿಂದ ಜೋಡಿಸಿ ಎರಡನೆಯ ಬಳೆಯನ್ನು ಪೂರ್ತಿ ಮಾಡುವುದಷ್ಟೇ. ಇಳುವರಿ ಶೇಕಡಾ 42ಕ್ಕೆ ಏರಿತು. ಅದೃಷ್ಟದ ಜಾಗದಲ್ಲಿ ಉಪಾಯ ಬಂದು ಕುಳಿತಿತು.

ಕಟ್ಟಡ ಕಟ್ಟುವವರು ಕಮಾನಿನ ಕೆಳಗೆ ಮರದ ಆಸರೆ ಕೊಡುವುದನ್ನು ನೀವು ನೋಡಿರಬಹುದು. ಕಮಾನು ಗಟ್ಟಿಯಾದ ಮೇಲೆ ಆಸರೆಯನ್ನು ತೆಗೆದುಬಿಡುತ್ತಾರೆ. ಹಾಗೆಯೇ ಸಯನೈಡ್ ಅಯಾನನ್ನು ಹಾಕಿ ತಾಮ್ರವನ್ನು ಹೊರಕ್ಕೆ ಎಳೆದರು. ಕೊಂಡಿ ಹಾಕಿಕೊಂಡ ಬಳೆಗಳು ಮಾತ್ರ ಉಳಿದವು. ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದ ಸಂಗತಿ ಮುಂದೆ ಇದೆ. ತಾಮ್ರ ಹೊರಟು ಹೋದಾಗ ಬಳೆಗಳು ಸಡಿಲಗೊಂಡು ಬೇರೆ ಭಂಗಿಗೆ ತಿರುಗುತ್ತವೆ. ಮತ್ತೆ ತಾಮ್ರ ಬಂದರೆ ಸಾರಜನಕದ ನಾಲ್ಕು ಕೈಗಳೂ ಮೊದಲಿನ ಜಾಗಕ್ಕೆ ಸೇರಿ ಅದನ್ನು ಹಿಡಿಯುತ್ತವೆ. ಕೊಂಡಿ ಇಲ್ಲದ ಬಿಡಿ ತುಂಡುಗಳಿಗಿಂತ ಕೊಂಡಿ ಇರುವ ಜೋಡಿ ಲೋಹವನ್ನು ಬಿಟ್ಟುಕೊಡುವುದು ಬಹಳ ನಿಧಾನ. ಆಸರೆಯಾಗಿ ಬಂದ ಅಯಾನು ತನಗೆ ತಕ್ಕ ಗೂಡನ್ನು ಬಿಟ್ಟುಹೋಗುತ್ತದೆ ಎಂಬುದು ಇದರಿಂದ ತಿಳಿಯಿತು.

ಇದೇ ಉಪಾಯವನ್ನು ಹಟಮಾರಿ ಋಣ ಅಯಾನಿಗೂ ಬಳಸಬಹುದಲ್ಲವೇ? ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪಾಲ್ ಬಿಯರ್ ಮತ್ತು ಅವರ ಸಂಗಡಿಗರು 2001 ಮತ್ತು 2002ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ಮಾಡಿ ತೋರಿಸಿತು. ಅವರ ದಂಡದ ನಡುವೆ ಧನ ವಿದ್ಯುದಂಶವಿರುವ ಪಿರಿಡಿನಿಯಂ ಎಂಬ ಗುಂಪು, ಅದರ ಎರಡು ಪಕ್ಕ ಹೈಡ್ರೋಜನ್ ಬಂಧ ಕೊಡಬಲ್ಲ ಅಮೈಡ್ ಗುಂಪುಗಳು. ಕ್ಲೋರೈಡ್ ಅಯಾನು ಬಂದು ಆ ಗುಂಪುಗಳಿಗೆ ಆತುಕೊಂಡಿತು. ಆದರೆ ಅದರ ಇನ್ನೊಂದು ಪಕ್ಕ ಬರಿದಾಗಿಯೇ ಇತ್ತು. ಎರಡು ಅಮೈಡ್ ಗುಂಪುಗಳಿದ್ದ ಇನ್ನೊಂದು ಅಣು ಆ ಬರಿದಾದ ಪಕ್ಕವನ್ನು ಹಿಡಿದು ದಂಡದ ಸುತ್ತ ಬಾಗಿತು. ಅದರ ತುದಿಗಳನ್ನು ಕೂಡಿಸಿದಾಗ ಬಳೆ ಪೂರ್ತಿಯಾಗಿ ರೋಟಾಕ್ಸೇನ್ ಸಿದ್ಧವಾಯಿತು. ಎರಡು ಅಂಗೈಗಳ ನಡುವೆ ಹಿಡಿದ ನೆಲ್ಲಿಕಾಯಿಯಂತೆ ಕ್ಲೋರೈಡ್ ದಂಡಕ್ಕೂ ಬಳೆಗೂ ನಡುವೆ ಕುಳಿತಿತ್ತು.

ಈಗ ಆಸರೆಯನ್ನು ತೆಗೆಯಬೇಕು. ಪ್ರಯೋಗಶಾಲೆಯಲ್ಲಿ ನೀವು ಕ್ಲೋರೈಡನ್ನು ಪರೀಕ್ಷಿಸುವಾಗ ಸಿಲ್ವರ್ ನೈಟ್ರೇಟ್ ಹಾಕುತ್ತೀರಿ. ಮೊಸರಿನಂಥ ಬಿಳಿಯ ಒತ್ತರ ಬರುತ್ತದೆ. ಬೆಳ್ಳಿಗೆ ಕ್ಲೋರೈಡಿನ ಮೇಲಿರುವ ಆ ಒಲವನ್ನೇ ಇಲ್ಲಿಯೂ ಬಳಸಿಕೊಂಡರು. ಬೆಳ್ಳಿಯ ಬೇರೊಂದು ಲವಣ ಹಾಕಿ ಕ್ಲೋರೈಡನ್ನು ಹೊರಗೆ ಕಳಿಸಿದರು. ಅದರ ಜಾಗದಲ್ಲಿ ವಿದ್ಯುದಂಶದ ಸಮತೋಲಕ್ಕೆ ಬಂದದ್ದು ಹೆಕ್ಸಾಫ್ಲೂರೊಫಾಸ್ಫೇಟ್ ಎಂಬ ದೊಡ್ಡ ಅಯಾನು. ಅದು ಯಾರನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಗೂಡು ಖಾಲಿಯಾಯಿತು.

ಆ ಖಾಲಿ ಗೂಡಿಗೆ ಒಂದೊಂದಾಗಿ ಬೇರೆ ಬೇರೆ ಅಯಾನುಗಳನ್ನು ಕೊಟ್ಟು ನೋಡಿದಾಗ ಫಲಿತಾಂಶ ಕುತೂಹಲಕರವಾಗಿತ್ತು. ಬರಿಯ ದಂಡ ಒಂದೇ ಇದ್ದಾಗ ಅದು ಕ್ಲೋರೈಡಿಗಿಂತ ಅಸಿಟೇಟನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತಿತ್ತು. ಅಸಿಟೇಟ್ ಎಂದರೆ ವಿನಿಗರಿನಲ್ಲಿರುವ ಆಮ್ಲದ ಅಯಾನು. ಅದೇ ದಂಡ ಬಳೆಯೊಳಗೆ ಸೇರಿದ ಮೇಲೆ ಕ್ರಮ ತಿರುಗುಮುರುಗಾಯಿತು. ಕ್ಲೋರೈಡಿಗೆ ಮೊದಲ ಸ್ಥಾನ ಸಿಕ್ಕಿತು. ಅಸಿಟೇಟ್ ಕೊನೆಗೆ ಹೋಯಿತು. ಯಾಕೆ? ಹಿಡಿಯುವ ಗುಂಪುಗಳ ಸ್ವಭಾವ ಬದಲಾಗಿರಲಿಲ್ಲ. ಬದಲಾದದ್ದು ಜಾಗದ ಅಳತೆ. ದಂಡ ಮತ್ತು ಬಳೆ ಸೇರಿ ಮಾಡಿದ ಗೂಡು ಉರುಟಾದ ಕ್ಲೋರೈಡಿಗೆ ಸಾಕು, ಬೇರೆ ಆಕಾರದ ದೊಡ್ಡ ಅಯಾನಿಗೆ ಸಾಲದು. ಅಂಥದ್ದು ಒಳಗೆ ನುಗ್ಗಿದರೆ ದಂಡ ಮತ್ತು ಬಳೆ ಒಂದನ್ನೊಂದು ಬಿಟ್ಟು ದೂರ ಸರಿಯಬೇಕು.

ವಿದ್ಯಾರ್ಥಿಗಳೇ, ಈ ಭಾಷಣದಿಂದ ನೀವು ಒಂದೇ ಒಂದು ಅಂಶವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಟ್ಟಿಯಾಗಿ ಹಿಡಿಯುವುದು ಬೇರೆ, ಸರಿಯಾದವರನ್ನು ಹಿಡಿಯುವುದು ಬೇರೆ. ಎಳೆತವನ್ನು ಹೆಚ್ಚಿಸಿದರೆ ಎಲ್ಲ ಅಯಾನುಗಳೂ ಬಂದು ಅಂಟಿಕೊಳ್ಳುತ್ತವೆ. ಆಯ್ಕೆ ಬೇಕಾದರೆ ಗೂಡಿನ ಆಕಾರ ಬೇಕು. ಕೊಂಡಿ ಹಾಕಿಕೊಂಡ ಅಣುಗಳು ಚಿಕ್ಕ ಭಾಗಗಳಿಂದಲೇ ಆ ಆಕಾರವನ್ನು ಮೂರು ಆಯಾಮಗಳಲ್ಲಿ ಕಟ್ಟಿಕೊಡುತ್ತವೆ.

ಆಯ್ದು ಹಿಡಿದರೆ ಅರ್ಧ ಕೆಲಸ ಆಯಿತು. ಹಿಡಿದೆ ಎಂದು ನಮಗೆ ಹೇಳಬೇಡವೇ? ಇದಕ್ಕೆ ಒಂದು ದಾರಿ ಎಂದರೆ ಅಣುವಿಗೆ ಸುದ್ದಿ ಹೇಳುವ ಗುಂಪೊಂದನ್ನು ಸೇರಿಸುವುದು. ಫೆರೊಸೀನ್ ಅಂಥ ಒಂದು ಗುಂಪು. ಇಂಗಾಲದ ಎರಡು ಐದುಮೂಲೆ ಬಳೆಗಳ ನಡುವೆ ಒಂದು ಕಬ್ಬಿಣದ ಪರಮಾಣು ಇರುವ ರಚನೆ ಅದು. ತಕ್ಕಷ್ಟು ವೋಲ್ಟೇಜ್ ಕೊಟ್ಟರೆ ಈ ಕಬ್ಬಿಣ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಪಕ್ಕದ ಗೂಡಿಗೆ ಋಣ ಅಯಾನು ಬಂದು ಕೂತರೆ ಬಿಟ್ಟುಕೊಡುವುದು ಇನ್ನೂ ಸುಲಭವಾಗುತ್ತದೆ, ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ಈ ವ್ಯತ್ಯಾಸವನ್ನು ಅಳೆದರೆ ಅಯಾನಿನ ಆಗಮನ ತಿಳಿಯಿತು. 2007ರಲ್ಲಿ ಬಿಯರ್ ಅವರ ಆಕ್ಸ್‌ಫರ್ಡಿನ ತಂಡ ಇಂಥ ಫೆರೊಸೀನ್ ಇರುವ ರೋಟಾಕ್ಸೇನುಗಳನ್ನು ಚಿನ್ನದ ಮೇಲ್ಮೈಯಲ್ಲಿ ಒಂದು ಅಣುವಿನ ದಪ್ಪದ ಪದರವಾಗಿ ನಿಲ್ಲಿಸಿ, ಅವು ಕ್ಲೋರೈಡನ್ನು ಆಯ್ದು ಗುರುತಿಸುವುದನ್ನು ತೋರಿಸಿತು. ಬೆಳಕು ಸೂಸುವ ಗುಂಪನ್ನು ಸೇರಿಸಿದರೆ ಅಯಾನು ಬಂದಾಗ ಬೆಳಕಿನ ಪ್ರಮಾಣದಲ್ಲಿ ಬದಲಾವಣೆ ಕಾಣಿಸುವಂತೆಯೂ ಮಾಡಬಹುದು.

ಇನ್ನೊಂದು ದಾರಿ ಕೊಂಡಿ ಅಣುಗಳಿಗೇ ವಿಶೇಷವಾದದ್ದು. ಅವು ಚಲಿಸಬಲ್ಲವು. ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ ಬೆಳೆದ ಫ್ರೇಸರ್ ಸ್ಟಾಡರ್ಟ್ ಈ ಚಲನೆಯನ್ನು ಹತೋಟಿಗೆ ತಂದವರಲ್ಲಿ ಪ್ರಮುಖರು. 1991ರಲ್ಲಿ ಅವರು ದಂಡದ ಮೇಲೆ ಎರಡು ನಿಲ್ದಾಣಗಳಿರುವ ರೋಟಾಕ್ಸೇನನ್ನು ಮಾಡಿದರು. ಬಳೆ ಮಗ್ಗದ ಲಾಳಿಯಂತೆ ಆ ನಿಲ್ದಾಣಗಳ ನಡುವೆ ಅತ್ತಿತ್ತ ಓಡಾಡುತ್ತಿತ್ತು. 1994ರಲ್ಲಿ ಅವರ ತಂಡದ ಹೊಸ ಲಾಳಿಯಲ್ಲಿ ಎರಡು ನಿಲ್ದಾಣಗಳು ಬೇರೆ ಬೇರೆ ಬಗೆಯವು. ಬಳೆಗೆ ಧನ ವಿದ್ಯುದಂಶ. ಆಮ್ಲ ಹಾಕಿದಾಗ ಹೈಡ್ರೋಜನ್ ಅಯಾನುಗಳು ಬಂದು ಮೊದಲ ನಿಲ್ದಾಣವನ್ನೂ ಧನ ವಿದ್ಯುದಂಶದ್ದನ್ನಾಗಿ ಮಾಡಿದವು. ಸಜಾತೀಯ ವಿದ್ಯುದಂಶಗಳು ವಿಕರ್ಷಿಸುತ್ತವೆ ಎಂದು ನೀವು ಓದಿದ್ದೀರಿ. ಬಳೆ ಅಲ್ಲಿಂದ ಹೊರಟು ಎರಡನೆಯ ನಿಲ್ದಾಣ ಸೇರಿತು. ಪ್ರತ್ಯಾಮ್ಲ ಹಾಕಿದಾಗ ಹಿಂದಿರುಗಿ ಬಂತು.

2000ದಲ್ಲಿ ಸೊವಾಜ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಾಲವಿರುವ ಎರಡು ಬಳೆಗಳು, ಒಂದರ ಬಾಲ ಇನ್ನೊಂದರ ಬಳೆಯೊಳಗೆ. ತಾಮ್ರದ ಅಯಾನು ಇದ್ದಾಗ ಈ ಜೋಡಿ ಉದ್ದವಾಗಿ ಚಾಚಿಕೊಂಡಿರುತ್ತದೆ, ಸುಮಾರು 83 ಆಂಗ್‌ಸ್ಟ್ರಾಂ. ತಾಮ್ರವನ್ನು ತೆಗೆದು ಸತುವಿನ ಅಯಾನನ್ನು ಕೊಟ್ಟರೆ, ಸತುವಿಗೆ ನಾಲ್ಕಲ್ಲ, ಐದು ಕೈಗಳ ಹಿಡಿತ ಒಗ್ಗುವುದರಿಂದ, ಬಾಲದ ಬೇರೆ ಭಾಗ ಬಳೆಯ ಕಡೆಗೆ ಸರಿಯುತ್ತದೆ. ಜೋಡಿ ಸುಮಾರು 65 ಆಂಗ್‌ಸ್ಟ್ರಾಮಿಗೆ ಕುಗ್ಗುತ್ತದೆ. ಸ್ನಾಯುವಿನಂತೆ ಹಿಗ್ಗಿ ಕುಗ್ಗುವ ಅಣು! ಯಾವ ಅಯಾನು ಬಂದಿದೆ ಎಂಬುದನ್ನು ಅಣು ತನ್ನ ಮೈಯ ಅಳತೆಯಿಂದಲೇ ಹೇಳುತ್ತಿದೆ.

ನೀರಿನ ಮುತ್ತಿಗೆಯ ಸಮಸ್ಯೆ ಏನಾಯಿತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಮೊದಲ ಪ್ರಯೋಗಗಳೆಲ್ಲ ಸಾವಯವ ದ್ರಾವಕಗಳಲ್ಲಿ ನಡೆದವು. ನಮಗೆ ಬೇಕಾದದ್ದು ನೀರಿನಲ್ಲಿ ಕೆಲಸ ಮಾಡುವ ಗ್ರಾಹಕ. ಇದಕ್ಕಾಗಿ ಹೈಡ್ರೋಜನ್ ಬಂಧದ ಬದಲು ಹ್ಯಾಲೊಜನ್ ಬಂಧ ಎಂಬುದನ್ನು ಬಳಸಲು ತೊಡಗಿದರು. ಇಂಗಾಲಕ್ಕೆ ಸೇರಿದ ಅಯೊಡಿನ್ ಪರಮಾಣುವಿನ ಹೊರತುದಿಯಲ್ಲಿ ಎಲೆಕ್ಟ್ರಾನುಗಳು ವಿರಳವಾದ ಒಂದು ಚುಕ್ಕೆಯಂಥ ಜಾಗ ಇರುತ್ತದೆ. ಋಣ ಅಯಾನು ಅಲ್ಲಿಗೆ ನೇರವಾಗಿ ಬಂದು ಆತುಕೊಳ್ಳಬಲ್ಲದು. 2014ರಲ್ಲಿ ಆಕ್ಸ್‌ಫರ್ಡ್ ತಂಡ ಇಂಥ ಬಂಧವುಳ್ಳ ರೋಟಾಕ್ಸೇನ್ ನೀರಿನಲ್ಲಿಯೇ ಅಯಾನನ್ನು ಹಿಡಿಯುವುದನ್ನು, ಹೈಡ್ರೋಜನ್ ಬಂಧದ ಜೊತೆಗಾರನಿಗಿಂತ ಹೆಚ್ಚು ಬಿಗಿಯಾಗಿ ಹಿಡಿಯುವುದನ್ನು ತೋರಿಸಿತು. 2016ರಲ್ಲಿ ಅದೇ ತಂಡ ಒಂದು ದಂಡ, ಎರಡು ಬಳೆ, ನಾಲ್ಕು ನಿಲ್ದಾಣಗಳಿರುವ ರೋಟಾಕ್ಸೇನನ್ನು ವರ್ಣಿಸಿತು. ಇದು ನೈಟ್ರೇಟನ್ನು ಆಯ್ದು ಗುರುತಿಸಿ ತನ್ನ ಬಳೆಗಳನ್ನು ಸರಿಸಿಕೊಳ್ಳುತ್ತದೆ. ಚಪ್ಪಟೆಯಾದ, ಸಡಿಲವಾಗಿ ಅಂಟುವ ನೈಟ್ರೇಟನ್ನು ಹಿಡಿಯುವುದು ಎಷ್ಟು ಕಷ್ಟ ಎಂಬುದು ಈ ಕ್ಷೇತ್ರದಲ್ಲಿ ದುಡಿದವರಿಗೆ ಗೊತ್ತು.

ಅದೇ 2016ರಲ್ಲಿ ಸೊವಾಜ್, ಸ್ಟಾಡರ್ಟ್ ಮತ್ತು ನೆದರ್ಲೆಂಡ್ಸಿನ ಬೆನ್ ಫೆರಿಂಗ ಅವರಿಗೆ ಅಣುಯಂತ್ರಗಳ ವಿನ್ಯಾಸ ಮತ್ತು ಸಂಶ್ಲೇಷಣೆಗಾಗಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಸ್ಟಾಡರ್ಟ್ 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪಾವಗಡದ ಕೊಳವೆ ಬಾವಿಯ ನೀರನ್ನು ಪರೀಕ್ಷಿಸಲು ನಾಳೆಯೇ ರೋಟಾಕ್ಸೇನ್ ಬರುತ್ತದೆ ಎಂದು ನೀವು ತಿಳಿಯಬಾರದು. ಪ್ರಯೋಗಾಲಯಗಳಲ್ಲಿ ಫ್ಲೋರೈಡನ್ನು ಅಳೆಯಲು ಲ್ಯಾಂಥನಂ ಫ್ಲೋರೈಡಿನ ಹರಳಿರುವ ವಿದ್ಯುದ್ವಾರ ಇದೆ, ಅದು ನಂಬಿಕೆಗೆ ಅರ್ಹವಾದದ್ದು. ಕೊಂಡಿ ಅಣುಗಳನ್ನು ಕಟ್ಟಲು ಅನೇಕ ಹಂತಗಳು ಬೇಕು, ಖರ್ಚು ಹೆಚ್ಚು, ನೀರಿನಲ್ಲಿ ಅವನ್ನು ಕರಗಿಸುವುದೇ ಒಂದು ಕೆಲಸ. ಬಾವಿಯ ನೀರು ಪ್ರಯೋಗಶಾಲೆಯ ಶುದ್ಧ ದ್ರಾವಣದಂತೆ ಇರುವುದೂ ಇಲ್ಲ. ಕೆಲಸ ಇನ್ನೂ ಬಹಳ ಉಳಿದಿದೆ.

ಆದರೆ ಹಿಂದಿರುಗಿ ನೋಡಿ. 1960ರಲ್ಲಿ ನೂರರಲ್ಲಿ ಒಂದು ಪಾಲೂ ಸಿಗದಿದ್ದ ವಸ್ತು 1983ರಲ್ಲಿ ಅರ್ಧದ ಹತ್ತಿರಕ್ಕೆ ಬಂತು. ಸಾವಯವ ದ್ರಾವಕದಲ್ಲಿ ಮಾತ್ರ ಕೆಲಸ ಮಾಡುತ್ತಿದ್ದ ಗ್ರಾಹಕ ನೀರಿಗೆ ಇಳಿಯಿತು. ಬಲವನ್ನಷ್ಟೇ ಹೆಚ್ಚಿಸುತ್ತಾ ಹೋಗಿದ್ದರೆ ಇದು ಆಗುತ್ತಿರಲಿಲ್ಲ. ಹಿಡಿಯಬೇಕಾದ ಅಯಾನನ್ನೇ ಆಸರೆಯಾಗಿ ಬಳಸಿಕೊಂಡು, ಅದರ ಅಳತೆಗೆ ಗೂಡು ಕಟ್ಟಿಸಿಕೊಂಡದ್ದರಿಂದ ಆಯಿತು.

ಕಾಗದದ ಬಳೆಗಳನ್ನು ಬಿಸಾಡಬೇಡಿ. ಅವೆರಡರ ನಡುವೆ ಒಂದು ಗೋಲಿಯನ್ನು ಇಟ್ಟು, ಅದು ಬೀಳದಂತೆ ಬಳೆಗಳನ್ನು ಎಷ್ಟು ರೀತಿಯಲ್ಲಿ ತಿರುಗಿಸಬಹುದು ಎಂದು ನೋಡಿ. ಆಮೇಲೆ ಗೋಲಿಯ ಬದಲು ಒಂದು ಬೆಂಕಿಪೊಟ್ಟಣ ಇಟ್ಟು ಪ್ರಯತ್ನಿಸಿ. ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ, ಏಕೆ ಎಂಬುದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದು ನಿಮ್ಮ ರಸಾಯನ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ. ಕ್ಲೋರೈಡ್ ಮತ್ತು ಅಸಿಟೇಟಿನ ಕಥೆ ಆಗ ನಿಮಗೆ ತಾನಾಗಿಯೇ ಅರ್ಥವಾಗುತ್ತದೆ.